ಸಂದರ್ಶನದ ಕೋಣೆಯಲ್ಲಿ ನಮ್ಮ ಶಾಲೆಯ ಹೆಸರು

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಯ ಅಂಗಳವು ನಿಶ್ಶಬ್ದವಾಗಿರುವ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಬಂದು ನಿಲ್ಲುವುದುಂಟು. ಕುಶಲಪ್ರಶ್ನೆಗಳು ಮುಗಿದ ಮೇಲೆ ಬಂದ ಕಾರಣವನ್ನು ತಿಳಿಸುತ್ತಾರೆ. ಎಲ್ಲಿಯೋ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಸಂದರ್ಶನಕ್ಕೆ ಕರೆ ಬಂದಿದೆ. ಏನನ್ನು ಓದಿಕೊಂಡು ಹೋಗಬೇಕು, ಏನನ್ನು ಕೇಳಬಹುದು ಎಂದು ವಿಚಾರಿಸುತ್ತಾರೆ. ಹೊರಡುವ ಮುನ್ನ ದನಿಯನ್ನು ತಗ್ಗಿಸಿ, ನಿಜವಾಗಿ ಕೇಳಬೇಕೆಂದು ಬಂದಿದ್ದ ಪ್ರಶ್ನೆಯನ್ನು ಕೇಳುತ್ತಾರೆ: "ಸರ್, ಕನ್ನಡ ಮಾಧ್ಯಮದಲ್ಲಿ ಓದಿದೆನೆಂದು ಅಲ್ಲಿ ಹೇಳಲೇಬೇಕೆ? ಹೇಳದಿದ್ದರೆ ನಡೆಯುವುದಿಲ್ಲವೆ?"

ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೆ ಕೊಟ್ಟ ಉತ್ತರವನ್ನು ಈ ಸಂಚಿಕೆಯ ಮೂಲಕ ಎಲ್ಲರಿಗೂ ಹೇಳುವುದು ಒಳಿತೆಂದು ತೋರಿತು. ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಹೇಳಿದರಷ್ಟೇ ಸಾಲದು, ಹೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಡುವಂತೆ ಸಿದ್ಧರಾಗಿ ಹೋಗಬೇಕು. ಸಂದರ್ಶನಕ್ಕೆ ಮಾಡಿಕೊಳ್ಳತಕ್ಕ ಸಿದ್ಧತೆಯೆಲ್ಲವೂ ಈ ಎರಡನೆಯ ಮಾತಿನಲ್ಲಿ ಅಡಗಿದೆ.

ಮೊದಲು ಸಂದರ್ಶನವೆಂದರೆ ಏನೆಂಬುದನ್ನು ತಿಳಿಯೋಣ. ನಮ್ಮ ದೇಶದಲ್ಲಿ ಅತ್ಯಂತ ಕಠಿನವೆಂದು ಹೆಸರಾದ ಸಂದರ್ಶನವು ಕೇಂದ್ರ ಲೋಕಸೇವಾ ಆಯೋಗದ್ದು. ಸಿವಿಲ್ ಸೇವೆಗಳ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ 1750 ಅಂಕಗಳೂ ವ್ಯಕ್ತಿತ್ವ ಪರೀಕ್ಷೆಯೆಂದು ಕರೆಯುವ ಸಂದರ್ಶನಕ್ಕೆ 275 ಅಂಕಗಳೂ ಇವೆ. ಈ ಸಂದರ್ಶನವು ನ್ಯಾಯಾಲಯದ ಪಾಟೀಸವಾಲಿನಂತಹುದಲ್ಲ, ಅಭ್ಯರ್ಥಿಯ ಮನೋಗುಣಗಳನ್ನು ತಿಳಿಯುವ ಉದ್ದೇಶವುಳ್ಳ ಸಹಜ ಸಂಭಾಷಣೆ ಎಂಬ ಅರ್ಥದ ಮಾತನ್ನು ಆಯೋಗವು ತನ್ನ ನಿಯಮಗಳಲ್ಲಿಯೇ ಸೇರಿಸಿದೆ. ಇನ್ನೂ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಮುಖ್ಯಪರೀಕ್ಷೆಯನ್ನು ಕನ್ನಡದಲ್ಲಿ ಬರೆದ ಅಭ್ಯರ್ಥಿಯು ಸಂದರ್ಶನವನ್ನೂ ಕನ್ನಡದಲ್ಲಿಯೇ ಕೊಡಬಹುದು. ದೇಶದ ಅತ್ಯುನ್ನತ ಹುದ್ದೆಗಳಿಗೆ ಆಯ್ಕೆ ಮಾಡುವ ಮೇಜಿನ ಮುಂದೆ ಕನ್ನಡಕ್ಕೆ ಆಸನವಿರುವಾಗ, ಗೋದಾಮಿನ ಗುಮಾಸ್ತೆಯ ಕೆಲಸಕ್ಕೆ ಹೋಗುವ ನಮ್ಮ ಹುಡುಗನು ಅದನ್ನು ಕಿಸೆಯೊಳಗೆ ಬಚ್ಚಿಡುವುದು ಎಷ್ಟರ ಮಟ್ಟಿಗೆ ಸರಿ?

ಎಲ್ಲ ಕೆಲಸಗಳಿಗೂ ಸಂದರ್ಶನವಿದೆಯೆಂದು ಭಾವಿಸಬೇಡಿರಿ. ಕೇಂದ್ರ ಸರಕಾರವು 'ಸಿ' ವರ್ಗದ ಹುದ್ದೆಗಳಿಗೂ 'ಬಿ' ವರ್ಗದ ಗೆಜೆಟೆಡ್ ಅಲ್ಲದ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವನ್ನು ತೆಗೆದುಹಾಕಿದೆ. ಅಲ್ಲಿ ಬರೆದ ಪರೀಕ್ಷೆಯೇ ಮುಖ್ಯ. ಸಾರ್ವಜನಿಕ ಕ್ಷೇತ್ರದ ಬ್ಯಾಂಕುಗಳಿಗೆ ಪ್ರೊಬೇಷನರಿ ಅಧಿಕಾರಿಗಳನ್ನು ಆರಿಸಿಕೊಡುವ, ನಮ್ಮ ಮುಂಬಯಿಯ ಕಾಂದಿವಲಿಯಲ್ಲಿಯೇ ಕಚೇರಿಯುಳ್ಳ ಐ.ಬಿ.ಪಿ.ಎಸ್. ಸಂಸ್ಥೆಯು ಲಿಖಿತ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂಬ ಪ್ರಮಾಣದಲ್ಲಿ ಅಂಕಗಳನ್ನು ಕೂಡಿಸುತ್ತದೆ. ಆದುದರಿಂದ ಮಾತಿನಿಂದ ಎಲ್ಲವನ್ನೂ ಗೆಲ್ಲಬಹುದೆಂದು ಪುಸ್ತಕವನ್ನು ಮುಚ್ಚಿಡುವುದೂ ತಪ್ಪು. ಮಾತು ಬಾರದೆಂದು ಎದೆಗುಂದುವುದೂ ತಪ್ಪು. ಆದರೆ ಖಾಸಗಿ ಕಚೇರಿ, ಅಂಗಡಿ, ಕಾರಖಾನೆ, ಆಸ್ಪತ್ರೆ, ಶಾಲೆ ಇವುಗಳಲ್ಲಿ ಇಂದಿಗೂ ಎದುರುಬದುರು ಕುಳಿತು ಆಡುವ ಹತ್ತು ನಿಮಿಷದ ಮಾತಿಗೆ ಬೆಲೆಯುಂಟು. ನಿಮ್ಮಲ್ಲಿ ಹೆಚ್ಚಿನವರ ಮೊದಲ ಸಂದರ್ಶನವು ಇಂತಹ ಸ್ಥಳದಲ್ಲಿಯೇ ನಡೆಯುವುದು.

ಇಲ್ಲಿ ನನ್ನದೇ ಒಂದು ಸೋಲನ್ನು ಹೇಳಿದರೆ ತಪ್ಪಾಗಲಾರದು. ಶಿಕ್ಷಕನಾಗುವುದಕ್ಕೆ ಮೊದಲು, ಊರಿನಿಂದ ಈ ನಗರಕ್ಕೆ ಬಂದ ಹೊಸತರಲ್ಲಿ, ಸರಕು ಸಾಗಿಸುವ ಒಂದು ಕಚೇರಿಗೆ ಸಂದರ್ಶನಕ್ಕೆ ಹೋದೆನು. ಪರಿಚಿತರೊಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಹತ್ತು ವಾಕ್ಯಗಳ ಸ್ವಪರಿಚಯವನ್ನು ಎರಡು ದಿನ ಕುಳಿತು ಬಾಯಿಪಾಠ ಮಾಡಿದ್ದೆನು. ಅರ್ಜಿಯಲ್ಲಿ ಶಿಕ್ಷಣ ಮಾಧ್ಯಮವನ್ನು ತುಂಬತಕ್ಕ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೆನು. ಒಳಗೆ ಕರೆದರು. ನಾಲ್ಕು ವಾಕ್ಯಗಳು ಸರಾಗವಾಗಿ ಬಂದವು, ಐದನೆಯದು ಮರೆತುಹೋಯಿತು. ಮತ್ತೆ ಮೊದಲಿನಿಂದ ಆರಂಭಿಸಿದೆನು. ಎದುರಿಗಿದ್ದವರು ಕೈ ಎತ್ತಿ ನಿಲ್ಲಿಸಿ, "ಇರಲಿ, ನೀವು ಓದಿದ್ದು ಯಾವ ಮಾಧ್ಯಮದಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಊರಿನ ಹೆಸರನ್ನು ಹೇಳಿ ಸುಮ್ಮನಾದೆನು. ಅವರು ಇನ್ನೊಮ್ಮೆ ಕೇಳಲಿಲ್ಲ. ಎರಡು ನಿಮಿಷದಲ್ಲಿ ಸಂದರ್ಶನ ಮುಗಿಯಿತು.

ಹೊರಗೆ ಬಂದಾಗ, ನನ್ನ ಬಳಿಯಲ್ಲಿ ಕುಳಿತಿದ್ದ ಇನ್ನೊಬ್ಬ ಅಭ್ಯರ್ಥಿಯ ಕೈಯಲ್ಲಿ ಜಾಹೀರಾತಿನ ಕತ್ತರಿಕೆಯಿತ್ತು. ನಾನು ಹುದ್ದೆಯ ಹೆಸರನ್ನೂ ಸಂಬಳವನ್ನೂ ವಿಳಾಸವನ್ನೂ ಮಾತ್ರ ಓದಿ ಬಂದವನು. ಕೊನೆಯ ಸಾಲನ್ನು ಅಲ್ಲಿ ನೋಡಿದೆನು: ದಕ್ಷಿಣದ ಭಾಷೆಯೊಂದನ್ನು ಬಲ್ಲವರಿಗೆ ಆದ್ಯತೆ. ಹುಬ್ಬಳ್ಳಿಯ ಕಡೆಯ ವ್ಯಾಪಾರಿಗಳೊಡನೆ ವ್ಯವಹರಿಸಲು ಅವರಿಗೆ ಒಬ್ಬ ಮನುಷ್ಯನು ಬೇಕಾಗಿದ್ದನಂತೆ. ಯಾವ ಗುಣಕ್ಕಾಗಿ ಅವರು ನನ್ನನ್ನು ಕರೆದಿದ್ದರೋ ಆ ಗುಣವನ್ನೇ ನಾನು ಮುಚ್ಚಿಟ್ಟು ಬಂದಿದ್ದೆನು. ಅದರಲ್ಲಿ ಆ ಕಚೇರಿಯವರ ತಪ್ಪು ಸ್ವಲ್ಪವೂ ಇರಲಿಲ್ಲ.

ಕನ್ನಡವೆಂದರೆ ಎಲ್ಲೆಡೆಯಲ್ಲಿಯೂ ಕೆಲಸ ಸಿಗುವುದೆಂದು ಈ ಘಟನೆಯಿಂದ ಸಾಧಿಸಲು ನಾನು ಹೊರಟಿಲ್ಲ. ಅಂತಹ ಸಂದರ್ಭವು ಅಪರೂಪವೇ ಸರಿ. ನನಗೆ ದೊರೆತ ಪಾಠವು ಬೇರೆ. ಮುಚ್ಚಿಡುವ ಮನುಷ್ಯನು ಒಂದನ್ನೇ ಮುಚ್ಚಿಡಲಾರನು. ಮಾಧ್ಯಮವನ್ನು ಮುಚ್ಚಿಡಹೋದರೆ ಊರನ್ನು ಮುಚ್ಚಿಡಬೇಕಾಗುತ್ತದೆ, ತಂದೆಯ ಕಸುಬನ್ನು ಮುಚ್ಚಿಡಬೇಕಾಗುತ್ತದೆ. ಕೊನೆಗೆ ತನ್ನ ಯೋಗ್ಯತೆಯೂ ಅವುಗಳೊಡನೆಯೇ ಮುಚ್ಚಿಹೋಗುತ್ತದೆ. ಎಲ್ಲಿ ಸಿಕ್ಕಿಬೀಳುವೆನೋ ಎಂಬ ಭಯದಲ್ಲಿರುವವನ ಕಿವಿಗೆ ಎದುರಿನವರ ಪ್ರಶ್ನೆಯೇ ಸರಿಯಾಗಿ ಕೇಳಿಸದು.

ಹಾಗಾದರೆ ಸಿದ್ಧತೆ ಹೇಗಿರಬೇಕು? ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬಂತೆ ಹಿಂದಿನ ರಾತ್ರಿ ಮಾಡುವುದು ಸಿದ್ಧತೆಯಲ್ಲ. ಜಾಹೀರಾತನ್ನು ಕೊನೆಯ ಸಾಲಿನವರೆಗೆ, ಒಂದಲ್ಲ ಎರಡು ಸಲ ಓದಬೇಕು. ಆ ಸಂಸ್ಥೆಯವರು ಏನನ್ನು ತಯಾರಿಸುತ್ತಾರೆ, ಏನನ್ನು ಮಾರುತ್ತಾರೆ, ಯಾರಿಗೆ ಮಾರುತ್ತಾರೆ ಎಂಬುದನ್ನು ವಿಚಾರಿಸಿ ತಿಳಿಯಬೇಕು. ಆ ಹುದ್ದೆಯಲ್ಲಿರುವವನು ಬೆಳಗಿನಿಂದ ಸಂಜೆಯ ತನಕ ಮಾಡುವುದೇನು ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು. ಇದಾದ ಮೇಲೆ ಒಂದು ಹಾಳೆಯಲ್ಲಿ, ಆ ಕೆಲಸಕ್ಕೆ ಬೇಕಾದ ಗುಣಗಳನ್ನು ಒಂದು ಕಡೆಯಲ್ಲಿಯೂ ನೀವು ನಿಜವಾಗಿ ಮಾಡಿದ ಕೆಲಸಗಳನ್ನು ಇನ್ನೊಂದು ಕಡೆಯಲ್ಲಿಯೂ ಬರೆಯಿರಿ.

"ನಾವು ಮಾಡಿದ ಕೆಲಸ ಯಾವುದಿದೆ ಸರ್, ಓದಿದ್ದು ಮಾತ್ರ" ಎಂದು ನೀವು ಹೇಳಬಹುದು. ಅದು ಸರಿಯಲ್ಲ. ನಮ್ಮ ಶಾಲೆಯಂತಹ ಶಾಲೆಗಳಲ್ಲಿ ಕೆಲಸ ಮಾಡದೆ ಓದಿದ ಮಕ್ಕಳು ಎಷ್ಟು ಜನರಿದ್ದಾರೆ? ಸಂಜೆಯ ಹೊತ್ತು ತಂದೆಯ ಕ್ಯಾಂಟೀನಿನಲ್ಲಿ ನಿಲ್ಲುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಒಮ್ಮೆ ಕೇಳಿದೆನು: "ನಾಳೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕಬೇಕೆಂದು ನಿನಗೆ ಹೇಗೆ ಗೊತ್ತಾಗುತ್ತದೆ?" ಅವನು ಯೋಚಿಸದೆಯೇ ಹೇಳಿದನು. ಸೋಮವಾರ ಹೆಚ್ಚು ಬೇಕು, ಭಾನುವಾರ ಕಡಿಮೆ ಸಾಕು. ಜೋರು ಮಳೆ ಬರುವ ಸೂಚನೆಯಿದ್ದರೆ ಇನ್ನೂ ಕಡಿಮೆ, ಏಕೆಂದರೆ ಲೋಕಲ್ ಗಾಡಿ ನಿಂತರೆ ಕಚೇರಿಯವರು ಬರುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿ ದೋಸೆಗಿಂತ ಇಡ್ಲಿ ಹೆಚ್ಚು ಖರ್ಚಾಗುತ್ತದೆ. ಉಳಿದ ಹಿಟ್ಟು ಮರುದಿನ ಹುಳಿಯಾಗುವುದರಿಂದ ಕಡಿಮೆ ಬಿದ್ದರೂ ಚಿಂತೆಯಿಲ್ಲ, ಹೆಚ್ಚಾಗಬಾರದು. ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದನು. ದೊಡ್ಡ ವ್ಯಾಪಾರದ ಸಂಸ್ಥೆಗಳು ಸರಕಿನ ಬೇಡಿಕೆಯನ್ನು ಅಂದಾಜು ಮಾಡಲು ಪ್ರತ್ಯೇಕವಾಗಿ ಜನರನ್ನು ನೇಮಿಸಿಕೊಳ್ಳುತ್ತವೆ. ಇವನು ಅದನ್ನು ದಿನವೂ ಮಾಡುತ್ತಿದ್ದನು. ಆದರೆ ಸಂದರ್ಶನದಲ್ಲಿ "ಅನುಭವವೇನಾದರೂ ಇದೆಯೆ?" ಎಂದು ಕೇಳಿದರೆ "ಇಲ್ಲ" ಎನ್ನುವುದಕ್ಕೆ ಸಿದ್ಧನಾಗಿದ್ದನು!

ಹಾಗೆಯೇ ತಾಯಿಯ ಉಳಿತಾಯ ಸಂಘದ ಲೆಕ್ಕವನ್ನು ಪ್ರತಿ ತಿಂಗಳೂ ಬರೆಯುವ ಹುಡುಗಿಯರು ನಮ್ಮಲ್ಲಿದ್ದಾರೆ. ನೆರೆಹೊರೆಯ ಹಿರಿಯರಿಗೆ ಬ್ಯಾಂಕಿನ ಚೀಟಿಗಳನ್ನು ತುಂಬಿಕೊಡುವವರಿದ್ದಾರೆ. ಶಾಲೆಯ ಕ್ರೀಡೋತ್ಸವದಲ್ಲಿ ಇನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಊಟ ಬಡಿಸಿದವರಿದ್ದಾರೆ. ಇಂತಹ ಒಂದು ಕೆಲಸವನ್ನು ಆರಿಸಿಕೊಂಡು, ಏನು ಮಾಡಬೇಕಾಗಿತ್ತು, ಯಾವ ತೊಡಕು ಬಂದಿತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬ ನಾಲ್ಕು ಮಾತುಗಳನ್ನು ಕ್ರಮವಾಗಿ ಹೇಳಲು ಕಲಿಯಿರಿ. ಅದು ಬಾಯಿಪಾಠದ ಹತ್ತು ವಾಕ್ಯಗಳಿಗಿಂತ ಮೇಲು. ನಡೆದುದನ್ನು ಹೇಳುವವನಿಗೆ ಐದನೆಯ ವಾಕ್ಯವು ಮರೆತುಹೋಗುವ ಭಯವಿಲ್ಲ.

ಇನ್ನು ಭಾಷೆಯ ವಿಷಯ. ನಾನು ಕನ್ನಡದ ಶಿಕ್ಷಕನಾದರೂ ಇಂಗ್ಲಿಷನ್ನು ಬಿಡಿರೆಂದು ಹೇಳಲಾರೆನು. ಹಾಗೆ ಹೇಳಿದರೆ ನಿಮಗೆ ದ್ರೋಹ ಬಗೆದಂತೆ ಆದೀತು. ಈ ನಗರದಲ್ಲಿ ಇಂಗ್ಲಿಷು ಬಾರದವನಿಗೆ ಅನೇಕ ಬಾಗಿಲುಗಳು ತೆರೆಯುವುದಿಲ್ಲ. ಅದನ್ನು ಶ್ರದ್ಧೆಯಿಂದ ಕಲಿಯತಕ್ಕದ್ದು. ಆದರೆ ಇಂಗ್ಲಿಷು ಕಲಿಯುವುದು ಬೇರೆ, ಇಂಗ್ಲಿಷು ಬಲ್ಲವನಂತೆ ನಟಿಸುವುದು ಬೇರೆ. ಹೇಳಬೇಕಾದುದು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಲಿ. ಆಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷು ವಾಕ್ಯಗಳಲ್ಲಿ ಹೇಳಿ ನೋಡಿರಿ. ಕರ್ತೃ, ಕ್ರಿಯೆ, ಕರ್ಮ ಇಷ್ಟಿದ್ದರೆ ಸಾಕು, ಅಲಂಕಾರ ಬೇಡ. ಮಾತಿನ ನಡುವೆ ತಡೆದರೆ "ಇದನ್ನು ಹಿಂದಿಯಲ್ಲಿ ಹೇಳಬಹುದೆ?" ಎಂದು ವಿನಯದಿಂದ ಕೇಳುವುದರಲ್ಲಿ ಅವಮಾನವಿಲ್ಲ.

ನಿಮ್ಮ ಪೆಟ್ಟಿಗೆಯಲ್ಲಿರುವ ಧನವನ್ನು ನೀವೇ ಎಣಿಸಿದಂತಿಲ್ಲ. ಮನೆಯಲ್ಲಿ ಕನ್ನಡ, ಕೆಲವರಿಗೆ ಅದರೊಡನೆ ತುಳುವೋ ಲಂಬಾಣಿಯೋ. ಶಾಲೆಯಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು. ಓಣಿಯಲ್ಲಿ ಮರಾಠಿ, ಹಿಂದಿ. ಹದಿನಾರು ವರ್ಷ ತುಂಬುವುದರೊಳಗೆ ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವ ನೀವು "ನನಗೆ ಭಾಷೆ ಬಾರದು" ಎಂದು ಕೊರಗುವುದು ವಿಚಿತ್ರವಲ್ಲವೆ? "ನೀವು ಯಾವ ಮಾಧ್ಯಮದವರು?" ಎಂಬ ಪ್ರಶ್ನೆ ಬಂದಾಗ ಹೀಗೆ ಹೇಳಬಹುದು: "ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಮರಾಠಿ, ಹಿಂದಿಗಳಲ್ಲಿ ಸರಾಗವಾಗಿ ಮಾತನಾಡಬಲ್ಲೆ. ಇಂಗ್ಲಿಷನ್ನು ಓದಿ ತಿಳಿಯಬಲ್ಲೆ. ಮಾತನಾಡಲು ದಿನವೂ ಅಭ್ಯಾಸ ಮಾಡುತ್ತಿದ್ದೇನೆ." ಇದರಲ್ಲಿ ಸುಳ್ಳಿಲ್ಲ, ಹೆಮ್ಮೆಯ ಅತಿರೇಕವಿಲ್ಲ, ದೈನ್ಯವೂ ಇಲ್ಲ. ಆದರೆ ಕೊನೆಯ ವಾಕ್ಯವನ್ನು ಹೇಳಬೇಕಾದರೆ ನೀವು ನಿಜವಾಗಿ ದಿನವೂ ಅಭ್ಯಾಸ ಮಾಡುತ್ತಿರಬೇಕು.

ಸಂದರ್ಶನದ ದಿನದ ಬಗ್ಗೆ ಕೆಲವು ಸಣ್ಣ ಮಾತುಗಳು. ಕಚೇರಿಯು ಎಲ್ಲಿದೆಯೆಂದು ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ನೋಡಿ ಬನ್ನಿರಿ. ಮಳೆಗಾಲವಾದರೆ ಒಂದು ಗಂಟೆ ಮುಂಚಿತವಾಗಿಯೇ ಮನೆಯನ್ನು ಬಿಡಿರಿ. ಗಾಡಿ ತಡವಾಯಿತೆಂಬ ಕಾರಣವನ್ನು ಈ ನಗರದಲ್ಲಿ ಎಲ್ಲರೂ ಹೇಳುವುದರಿಂದ ಅದಕ್ಕೆ ಬೆಲೆಯಿಲ್ಲ. ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ ಮುಂತಾದವುಗಳ ಮೂಲಪ್ರತಿಗಳನ್ನೂ ಜೆರಾಕ್ಸ್ ಪ್ರತಿಗಳನ್ನೂ ಒಂದೇ ಕಡತದಲ್ಲಿ ಕ್ರಮವಾಗಿ ಇಡಿರಿ. ಮೂಲಪ್ರತಿಗಳನ್ನು ತೋರಿಸಿ ಮರಳಿ ಪಡೆಯಿರಿ. ಉಡುಪು ಹೊಸದಾಗಿರಬೇಕಾಗಿಲ್ಲ, ಒಗೆದು ಇಸ್ತ್ರಿ ಮಾಡಿದುದಾಗಿದ್ದರೆ ಸಾಕು. ಒಳಗೆ ಹೋದೊಡನೆ ನಮಸ್ಕರಿಸಿರಿ, ಕುಳಿತುಕೊಳ್ಳಲು ಹೇಳಿದ ಮೇಲೆ ಕುಳಿತುಕೊಳ್ಳಿರಿ. ಪ್ರಶ್ನೆ ಪೂರ್ತಿಯಾಗುವ ತನಕ ಕಾಯಿರಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುವಂತೆ ಕೇಳಿರಿ. ತಿಳಿಯದ ವಿಷಯಕ್ಕೆ "ಇದು ನನಗೆ ತಿಳಿಯದು" ಎಂದು ಹೇಳಿಬಿಡಿರಿ. ಅಂದಾಜಿನ ಮೇಲೆ ಕಟ್ಟಿದ ಉತ್ತರವು ಮುಂದಿನ ಪ್ರಶ್ನೆಗೆ ಕುಸಿದು ಬೀಳುತ್ತದೆ. ಕೆಲಸದ ವೇಳೆ, ವಾರದ ರಜೆ, ಸಂಬಳ ಇವುಗಳನ್ನು ಕೊನೆಯಲ್ಲಿ ಮರ್ಯಾದೆಯಿಂದ ವಿಚಾರಿಸುವ ಹಕ್ಕು ನಿಮಗಿದೆ. ಸಂಕೋಚದಿಂದ ಬಾಯಿಮುಚ್ಚಿ ಬಂದು ಆಮೇಲೆ ಪರಿತಪಿಸಬೇಡಿರಿ. ಕೆಲಸ ಕೊಡುವೆನೆಂದು ಮುಂಗಡ ಹಣವನ್ನು ಯಾರಾದರೂ ಕೇಳಿದರೆ ಅದು ಸಂದರ್ಶನವಲ್ಲ, ಮೋಸ, ಎದ್ದು ಬನ್ನಿರಿ.

ಹುಡುಗಿಯರಿಗೆ ಒಂದು ಮಾತು. "ಮದುವೆಯಾದ ಮೇಲೆ ಕೆಲಸ ಬಿಡುವಿರಾ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಸಿಟ್ಟಾಗುವ ಕಾರಣವಿದ್ದರೂ, "ಕೆಲಸ ಮಾಡಬೇಕೆಂದೇ ಬಂದಿದ್ದೇನೆ, ನನ್ನ ಕೆಲಸದ ಬಗ್ಗೆ ಕೇಳಿರಿ" ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸಿರಿ. ನಿಮ್ಮ ಧ್ವನಿಯು ನಡುಗದಿದ್ದರೆ ಅದೇ ಒಂದು ಯೋಗ್ಯತೆಯಾಗಿ ಕಾಣುವುದು.

ನನ್ನ ಅಭಿಪ್ರಾಯವನ್ನು ಒಪ್ಪದವರೂ ಇದ್ದಾರೆ. "ಸತ್ಯ ಹೇಳಿ ಕೆಲಸ ಕಳೆದುಕೊಂಡರೆ ಬಾಡಿಗೆಯನ್ನು ನೀವು ಕೊಡುವಿರಾ?" ಎಂದು ಪಾಲಕರೊಬ್ಬರು ನೇರವಾಗಿಯೇ ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕನ್ನಡ ಶಾಲೆಯೆಂಬ ಹೆಸರನ್ನು ಕೇಳಿದೊಡನೆ ಮುಖ ಸಿಂಡರಿಸುವವರು ಇದ್ದಾರೆ; ಇಲ್ಲವೆಂದರೆ ನಾನು ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಸಂದರ್ಶನವು ಯಾವಾಗಲೂ ನ್ಯಾಯವಾಗಿಯೇ ನಡೆಯುವುದೆಂದೂ ಹೇಳಲಾಗದು. 1980ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಮೌಖಿಕ ಸಂದರ್ಶನಕ್ಕೆ ಒಟ್ಟು ಅಂಕಗಳಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚನ್ನು ಇಡುವುದು ಸರಿಯಲ್ಲವೆಂದು ಹೇಳಿತು. ಕೆಲವೇ ನಿಮಿಷಗಳ ಮಾತಿನಿಂದ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ಅಳೆಯುವುದು ಸಾಧ್ಯವಿಲ್ಲವೆಂಬುದನ್ನು ದೇಶದ ಅತ್ಯುನ್ನತ ನ್ಯಾಯಪೀಠವೇ ಮನಗಂಡಿರುವಾಗ, ಒಂದು ಸಂದರ್ಶನದಲ್ಲಿ ಸೋತವನು ತನ್ನ ಜೀವನವೇ ಸೋತಿತೆಂದು ತಿಳಿಯಬೇಕಾಗಿಲ್ಲ.

ಆದರೆ ಆ ಪಾಲಕರಿಗೆ ನಾನು ಕೊಟ್ಟ ಉತ್ತರವಿದು. ಮುಖ ಸಿಂಡರಿಸುವವನಿಗೆ ಅಂಕಪಟ್ಟಿಯೇ ಎಲ್ಲವನ್ನೂ ಹೇಳುತ್ತದೆ. ಅವನಿಂದ ಮುಚ್ಚಿಡಲು ಆಗುವುದಿಲ್ಲ. ಮುಖ ಸಿಂಡರಿಸದವನಿಂದ ಮುಚ್ಚಿಡುವ ಅಗತ್ಯವಿಲ್ಲ. ಹೀಗಿರಲು ಮುಚ್ಚಿಡುವುದರಿಂದ ಬಂದ ಲಾಭವೇನು? ಅವರು ನಕ್ಕರು, ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆನು.

ಕೊನೆಯದಾಗಿ ಶಾಲೆಯ ಹೊಣೆಯ ಬಗ್ಗೆ. ಎಲ್ಲವನ್ನೂ ಮಕ್ಕಳ ಧೈರ್ಯಕ್ಕೆ ಬಿಟ್ಟು ನಾವು ಕೈಕಟ್ಟಿ ಕುಳಿತುಕೊಳ್ಳಬಾರದು. ಒಂಬತ್ತು, ಹತ್ತನೆಯ ತರಗತಿಗಳಿಗೆ ತಿಂಗಳಿಗೊಂದು ಶನಿವಾರ ಸಂದರ್ಶನದ ಅಭ್ಯಾಸವನ್ನು ಏರ್ಪಡಿಸಬೇಕೆಂದು ನನ್ನ ಸಲಹೆ. ಒಂದು ಮೇಜು, ನಾಲ್ಕು ಕುರ್ಚಿಗಳು ಇದ್ದರೆ ಸಾಕು. ಮೂವರು ಕೇಳುವವರು, ಒಬ್ಬನು ಉತ್ತರಿಸುವವನು. ಮೊದಲ ಸರದಿ ಕನ್ನಡದಲ್ಲಿ, ಎರಡನೆಯದು ಹಿಂದಿ ಅಥವಾ ಮರಾಠಿಯಲ್ಲಿ, ಮೂರನೆಯದು ಇಂಗ್ಲಿಷಿನಲ್ಲಿ. ಕೇಳುವವರ ಕುರ್ಚಿಯಲ್ಲಿಯೂ ಎಲ್ಲರೂ ಒಮ್ಮೆ ಕುಳಿತುಕೊಳ್ಳಬೇಕು. ಆ ಕಡೆಯಿಂದ ನೋಡಿದವನಿಗೆ ಅರ್ಧ ಭಯವು ಅಲ್ಲಿಯೇ ಇಳಿಯುತ್ತದೆ. ಈಗ ಮೊಬೈಲಿನ ವಿಡಿಯೋ ಕರೆಯಲ್ಲಿಯೇ ಸಂದರ್ಶನ ನಡೆಸುವ ಪದ್ಧತಿಯೂ ಬಂದಿದೆ. ಒಂದೇ ಕೋಣೆಯ ಚಾಳಿನ ಮನೆಯಲ್ಲಿ, ಕುಕ್ಕರಿನ ಸೀಟಿಯ ನಡುವೆ, ನಮ್ಮ ಹುಡುಗಿಯೊಬ್ಬಳು ಹೇಗೆ ಉತ್ತರಿಸಬೇಕು? ಅಂತಹ ದಿನ ಶಾಲೆಯ ಒಂದು ಕೊಠಡಿಯನ್ನು, ಬೆಳಕು ಬರುವ ಕಿಟಕಿಯ ಪಕ್ಕದ ಒಂದು ಕುರ್ಚಿಯನ್ನು ಹಳೆಯ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬಾರದೇಕೆ? ಇದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು.

ವಿದ್ಯಾರ್ಥಿ ಮಿತ್ರರೆ, ಮುಂದಿನ ವರ್ಷ ನಿಮ್ಮಲ್ಲಿ ಯಾರಾದರೂ ಶಿಕ್ಷಕರ ಕೊಠಡಿಗೆ ಸಂದರ್ಶನದ ಕರೆಪತ್ರವನ್ನು ಹಿಡಿದು ಬಂದರೆ ನನಗೆ ಸಂತೋಷವಾಗುವುದು. ಜಾಹೀರಾತನ್ನೂ ಜೊತೆಯಲ್ಲಿ ತನ್ನಿರಿ. ಕೂಡಿ ಕೊನೆಯ ಸಾಲಿನವರೆಗೆ ಓದೋಣ. ಆದರೆ ಕನ್ನಡ ಮಾಧ್ಯಮದ ಆ ಪ್ರಶ್ನೆಯನ್ನು ಮಾತ್ರ ದನಿ ತಗ್ಗಿಸಿ ಕೇಳಬೇಡಿರಿ. ಅದಕ್ಕೆ ಉತ್ತರವನ್ನು ಇಲ್ಲಿಯೇ ಬರೆದುಕೊಟ್ಟಿದ್ದೇನೆ.